ಸಂಸ್ಕರಿತ ಸಕ್ಕರೆ ಮತ್ತು ಪಿಷ್ಟದ ಸೇರ್ಪಡೆಗಳು ಒಗ್ಗದಿರುವವರಿಗೆ ಮಾಹಿತಿ

1. ಪೀಠಿಕೆ

ಪೊಟ್ಟಣಗಳಲ್ಲಿ ಮಾರಾಟವಾಗುವ ಬಿಸ್ಕತ್ತು, ಸೂಪಿನ ಪುಡಿ, ಸಾಸ್, ಐಸ್‌ಕ್ರೀಂ, ಹಣ್ಣಿನ ಪಾನೀಯ, ಮಕ್ಕಳ ಪೌಷ್ಟಿಕ ಪುಡಿ ಮುಂತಾದ ಅನೇಕ ಆಹಾರ ಪದಾರ್ಥಗಳಲ್ಲಿ ಸಂಸ್ಕರಿತ ಸಕ್ಕರೆ ಅಥವಾ ಪಿಷ್ಟದಿಂದ ತಯಾರಿಸಿದ ಯಾವುದಾದರೊಂದು ಪದಾರ್ಥ ಸೇರಿರುತ್ತದೆ. ಹೆಚ್ಚಿನ ಜನರಿಗೆ ಇವು ತೊಂದರೆಯಿಲ್ಲದೆ ಜೀರ್ಣವಾಗುತ್ತವೆ. ಆದರೆ ಕೆಲವರಿಗೆ ಇವುಗಳನ್ನು ಸೇವಿಸಿದ ನಂತರ ಹೊಟ್ಟೆ ಉಬ್ಬರ, ಭೇದಿ, ವಾಂತಿ ಅಥವಾ ಉಬ್ಬಸ ಉಂಟಾಗುತ್ತದೆ. ಚಿಕ್ಕ ಮಕ್ಕಳಲ್ಲಿ ತೂಕ ಏರದಿರುವುದೂ ಕಂಡುಬರುತ್ತದೆ.

ಇಂತಹ ಸಂದರ್ಭಗಳಲ್ಲಿ "ಮಗುವಿಗೆ ಸಕ್ಕರೆ ಆಗುವುದಿಲ್ಲ", "ಮೈದಾ ಒಗ್ಗುವುದಿಲ್ಲ" ಎಂದು ಮನೆಯಲ್ಲಿಯೇ ತೀರ್ಮಾನಿಸಿ ಪಥ್ಯ ಆರಂಭಿಸುವುದು ಸಾಮಾನ್ಯವಾಗಿದೆ. ಇದರಿಂದ ಎರಡು ಬಗೆಯ ಹಾನಿಯಾಗುತ್ತದೆ. ಅನಗತ್ಯ ಪಥ್ಯದಿಂದ ಬೆಳೆಯುವ ಮಗುವಿಗೆ ದೊರೆಯಬೇಕಾದ ಪೋಷಣೆ ಕಡಿಮೆಯಾಗುತ್ತದೆ. ನಿಜವಾದ ಕಾರಣವು ಪತ್ತೆಯಾಗದೆ ಉಳಿಯುತ್ತದೆ. ಆದುದರಿಂದ ಯಾವ ಪದಾರ್ಥ ಒಗ್ಗುತ್ತಿಲ್ಲ ಎಂಬುದನ್ನು ಮೊದಲು ವೈದ್ಯರ ಮೂಲಕ ಖಚಿತಪಡಿಸಿಕೊಂಡು, ತದನಂತರ ಆ ಪದಾರ್ಥವನ್ನು ಮಾತ್ರ ಬಿಡುವುದು ಸರಿಯಾದ ಕ್ರಮವಾಗಿರುತ್ತದೆ. ಈ ಬಗ್ಗೆ ಸಾರ್ವಜನಿಕರು ತಿಳಿದಿರಬೇಕಾದ ವಿಷಯಗಳನ್ನೂ, ಆಹಾರ ಮಾದರಿಯ ಪರೀಕ್ಷೆ ಹಾಗೂ ದೂರು ಸಲ್ಲಿಸುವ ವಿಧಾನವನ್ನೂ ಈ ಕೆಳಗೆ ನೀಡಲಾಗಿದೆ.

2. ಒಗ್ಗದಿರುವುದು ಮತ್ತು ಅಲರ್ಜಿ: ವ್ಯತ್ಯಾಸ

ಅಲರ್ಜಿಯು ದೇಹದ ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆಯಾಗಿದ್ದು, ಆಹಾರದ ವಿಷಯದಲ್ಲಿ ಸಾಮಾನ್ಯವಾಗಿ ಪ್ರೋಟೀನ್ ಅಂಶದಿಂದ ಉಂಟಾಗುತ್ತದೆ. ಕಡಲೆಕಾಯಿ, ಮೊಟ್ಟೆ, ಹಾಲು, ಮೀನು ಇವುಗಳಿಂದಾಗುವ ಅಲರ್ಜಿ ಈ ಬಗೆಯದು. ಶುದ್ಧ ಸಕ್ಕರೆಯಲ್ಲಿ ಪ್ರೋಟೀನ್ ಇರುವುದಿಲ್ಲ. ಆದ್ದರಿಂದ "ಸಕ್ಕರೆ ಅಲರ್ಜಿ" ಎಂದು ಕರೆಯಲಾಗುವ ತೊಂದರೆಗಳಲ್ಲಿ ಬಹುಪಾಲು ಅಲರ್ಜಿಯಾಗಿರುವುದಿಲ್ಲ. ಅವುಗಳ ಕಾರಣವು ಮುಖ್ಯವಾಗಿ ಈ ಕೆಳಕಂಡ ನಾಲ್ಕರಲ್ಲಿ ಒಂದಾಗಿರುತ್ತದೆ.

(ಅ) ಸಕ್ಕರೆ ಅಥವಾ ಪಿಷ್ಟವನ್ನು ಒಡೆಯುವ ಕಿಣ್ವದ ಕೊರತೆ
(ಆ) ಫ್ರುಕ್ಟೋಸ್ ಎಂಬ ಹಣ್ಣಿನ ಸಕ್ಕರೆ ಅಥವಾ ಸಾರ್ಬಿಟಾಲ್‌ನಂತಹ ಸಿಹಿಕಾರಕ ಒಗ್ಗದಿರುವುದು
(ಇ) ಪಿಷ್ಟದ ಜೊತೆಯಲ್ಲಿ ಬರುವ ಗೋಧಿಯ ಗ್ಲುಟೆನ್ ಒಗ್ಗದಿರುವುದು
(ಈ) ಸಂಸ್ಕರಣೆಯಲ್ಲಿ ಬಳಸುವ ಸಲ್ಫೈಟ್ ರಾಸಾಯನಿಕ ಒಗ್ಗದಿರುವುದು

ಈ ನಾಲ್ಕಕ್ಕೂ ಪಥ್ಯ ಬೇರೆ ಬೇರೆಯಾಗಿರುತ್ತದೆ. ಒಂದಕ್ಕೆ ಹಿತವಾದ ಆಹಾರ ಇನ್ನೊಂದಕ್ಕೆ ಅಪಾಯಕಾರಿಯಾಗಬಹುದು ಎಂಬುದನ್ನು ಮುಖ್ಯವಾಗಿ ಗಮನಿಸತಕ್ಕದ್ದು.

3. ಕಿಣ್ವದ ಕೊರತೆ

ಅಡುಗೆ ಸಕ್ಕರೆಯ ರಾಸಾಯನಿಕ ಹೆಸರು ಸುಕ್ರೋಸ್. ಇದು ಗ್ಲೂಕೋಸ್ ಮತ್ತು ಫ್ರುಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳ ಜೋಡಿ. ಸಣ್ಣ ಕರುಳಿನ ಒಳಪದರದಲ್ಲಿರುವ ಸುಕ್ರೇಸ್-ಐಸೊಮಾಲ್ಟೇಸ್ ಎಂಬ ಕಿಣ್ವವು ಈ ಜೋಡಿಯನ್ನು ಬಿಡಿಸುತ್ತದೆ. ಪಿಷ್ಟ ಜೀರ್ಣವಾಗುವ ಕೊನೆಯ ಹಂತದಲ್ಲಿಯೂ ಇದೇ ಕಿಣ್ವಕ್ಕೆ ದೊಡ್ಡ ಪಾತ್ರವಿದೆ. ಹುಟ್ಟಿನಿಂದಲೇ ಈ ಕಿಣ್ವದ ಕೊರತೆ ಇರುವವರಲ್ಲಿ ಸಕ್ಕರೆಯು ಜೀರ್ಣವಾಗದೆ ದೊಡ್ಡ ಕರುಳನ್ನು ತಲುಪಿ, ಅಲ್ಲಿ ಹುದುಗಿ, ಅನಿಲ, ಹೊಟ್ಟೆನೋವು ಹಾಗೂ ನೀರಿನಂತಹ ಭೇದಿಯನ್ನು ಉಂಟುಮಾಡುತ್ತದೆ. ಇದು ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಕಾಣಿಸಿಕೊಳ್ಳುವ ವಿರಳ ಸ್ಥಿತಿಯಾಗಿದೆ.

ಎದೆಹಾಲಿನಲ್ಲಿರುವುದು ಲ್ಯಾಕ್ಟೋಸ್ ಎಂಬ ಬೇರೆ ಸಕ್ಕರೆ. ಆದ ಕಾರಣ ಎದೆಹಾಲು ಮಾತ್ರ ಕುಡಿಯುವವರೆಗೆ ಇಂತಹ ಮಗು ಆರೋಗ್ಯವಾಗಿಯೇ ಇರುತ್ತದೆ. ಆರು ತಿಂಗಳ ನಂತರ ಸಕ್ಕರೆ ಅಥವಾ ಬೆಲ್ಲ ಹಾಕಿದ ರಾಗಿ ಸರಿ, ಹಣ್ಣಿನ ರಸ, ಬಿಸ್ಕತ್ತು ಆರಂಭಿಸಿದೊಡನೆ ಭೇದಿ ಪ್ರಾರಂಭವಾಗುತ್ತದೆ. ಹಲ್ಲು ಬರುವ ಕಾಲವೆಂದೋ, ದೃಷ್ಟಿಯಾಗಿದೆಯೆಂದೋ ಭಾವಿಸಿ ಕುಟುಂಬದವರು ತಿಂಗಳುಗಳ ಕಾಲ ಕಾಯುವುದುಂಟು. ಅಷ್ಟರಲ್ಲಿ ಮಗುವಿನ ಬೆಳವಣಿಗೆ ಕುಂಠಿತವಾಗಿರುತ್ತದೆ.

ಸಕ್ಕರೆಗೆ ಬದಲಾಗಿ ಬೆಲ್ಲ ನೀಡುವುದರಿಂದ ಪ್ರಯೋಜನವಾಗುವುದಿಲ್ಲ. ಬೆಲ್ಲದಲ್ಲಿಯೂ ಬಹುಪಾಲು ಇರುವುದು ಸುಕ್ರೋಸ್. ಭೇದಿಯಾದಾಗ ಮನೆಯಲ್ಲಿ ತಯಾರಿಸುವ ಸಕ್ಕರೆ-ಉಪ್ಪಿನ ನೀರು ಸಹ ಇಂತಹ ಮಗುವಿನಲ್ಲಿ ಭೇದಿಯನ್ನು ಹೆಚ್ಚಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾದ ಓ.ಆರ್.ಎಸ್. ಪುಡಿಯಲ್ಲಿ ಸುಕ್ರೋಸ್ ಬದಲು ಗ್ಲೂಕೋಸ್ ಇರುವುದರಿಂದ ಅದನ್ನೇ ಬಳಸತಕ್ಕದ್ದು. ಅಂಗಡಿಗಳಲ್ಲಿ ದೊರೆಯುವ ಸಿಹಿ ಪಾನೀಯಗಳು ಓ.ಆರ್.ಎಸ್. ಅಲ್ಲ. ಆ ಸೂತ್ರದಂತೆ ಇಲ್ಲದ ಪಾನೀಯಗಳ ಹೆಸರಿನಲ್ಲಿ "ಓ.ಆರ್.ಎಸ್." ಪದ ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2025ರ ಅಕ್ಟೋಬರ್ ತಿಂಗಳಲ್ಲಿ ಆದೇಶ ಹೊರಡಿಸಿದೆ.

4. ಫ್ರುಕ್ಟೋಸ್ ಮತ್ತು ಸಿಹಿಕಾರಕಗಳು

ಕೆಲವು ಮಕ್ಕಳಲ್ಲಿ ಯಕೃತ್ತು ಫ್ರುಕ್ಟೋಸ್ ಅನ್ನು ನಿಭಾಯಿಸಲಾರದು. ಇದೂ ಆನುವಂಶಿಕವಾದುದು ಹಾಗೂ ವಿರಳವಾದುದು; ಆದರೆ ಹೆಚ್ಚು ಅಪಾಯಕಾರಿ. ಸಕ್ಕರೆ, ಜೇನುತುಪ್ಪ ಅಥವಾ ಹಣ್ಣು ಸೇವಿಸಿದ ನಂತರ ವಾಂತಿ, ಬೆವರು, ಮಂಪರು ಕಂಡುಬಂದು ರಕ್ತದ ಗ್ಲೂಕೋಸ್ ಮಟ್ಟ ಕುಸಿಯಬಹುದು. ಸೇವನೆ ಮುಂದುವರಿದಲ್ಲಿ ಯಕೃತ್ತು ಮತ್ತು ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ. ಇಂತಹ ಮಕ್ಕಳು ಬೆಳೆದಂತೆ ಸಿಹಿಯನ್ನು ತಾವಾಗಿಯೇ ನಿರಾಕರಿಸುವುದುಂಟು. ಹಬ್ಬದ ದಿನವೂ ಸಿಹಿ ಮುಟ್ಟದ ಮಗುವನ್ನು ಒತ್ತಾಯಿಸದೆ, ಆ ವಿಷಯವನ್ನು ವೈದ್ಯರ ಗಮನಕ್ಕೆ ತರುವುದು ಸೂಕ್ತ.

ನವಜಾತ ಶಿಶುವಿನ ನಾಲಿಗೆಗೆ ಜೇನುತುಪ್ಪ ಅಥವಾ ಸಕ್ಕರೆ ನೀರು ಸವರುವ ಪದ್ಧತಿಯನ್ನು ಈ ಕಾರಣದಿಂದಲೂ ಕೈಬಿಡಬೇಕು. ಒಂದು ವರ್ಷ ತುಂಬುವವರೆಗೆ ಯಾವುದೇ ಮಗುವಿಗೆ ಜೇನುತುಪ್ಪ ನೀಡಬಾರದು. ಅದರಿಂದ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ಬರುವ ಸಂಭವವಿದೆ.

ಸಾರ್ಬಿಟಾಲ್ (ಸಂಖ್ಯೆ 420), ಮ್ಯಾನಿಟಾಲ್ (421), ಮಾಲ್ಟಿಟಾಲ್ (965) ಹಾಗೂ ಕ್ಸೈಲಿಟಾಲ್ (967) ಇವು "ಸಕ್ಕರೆರಹಿತ" ಎಂದು ಮಾರಾಟವಾಗುವ ಚೂಯಿಂಗ್ ಗಮ್, ಚಾಕೊಲೇಟ್, ಬಿಸ್ಕತ್ತುಗಳಲ್ಲಿ ಇರುತ್ತವೆ. ಹೆಚ್ಚು ಪ್ರಮಾಣದಲ್ಲಿ ಸೇವಿಸಿದಲ್ಲಿ ಆರೋಗ್ಯವಂತರಿಗೂ ಭೇದಿಯಾಗಬಹುದು. ಫ್ರುಕ್ಟೋಸ್ ಒಗ್ಗದ ಆನುವಂಶಿಕ ತೊಂದರೆ ಇರುವವರು ಸಾರ್ಬಿಟಾಲ್ ಅನ್ನು ಸಂಪೂರ್ಣವಾಗಿ ವರ್ಜಿಸಬೇಕು. ಮಕ್ಕಳ ಕೆಮ್ಮು ಮತ್ತು ಜ್ವರದ ಸಿರಪ್‌ಗಳಲ್ಲಿ ಸಕ್ಕರೆ ಅಥವಾ ಸಾರ್ಬಿಟಾಲ್ ಇರುವುದರಿಂದ ಔಷಧಿ ಅಂಗಡಿಯಲ್ಲಿ ಕೇಳಿ ತಿಳಿಯತಕ್ಕದ್ದು.

5. ಪಿಷ್ಟದ ಸೇರ್ಪಡೆಗಳು

ಮೆಕ್ಕೆಜೋಳ, ಮರಗೆಣಸು, ಆಲೂಗಡ್ಡೆ ಹಾಗೂ ಗೋಧಿಯಿಂದ ಪಿಷ್ಟವನ್ನು ಪ್ರತ್ಯೇಕಿಸಲಾಗುತ್ತದೆ. ಕಸ್ಟರ್ಡ್ ಪುಡಿಯ ಮುಖ್ಯ ಅಂಶ ಮೆಕ್ಕೆಜೋಳದ ಪಿಷ್ಟ. ಸಬ್ಬಕ್ಕಿ ತಯಾರಾಗುವುದು ಮರಗೆಣಸಿನ ಪಿಷ್ಟದಿಂದ. ಪಿಷ್ಟವನ್ನು ಆಮ್ಲ, ಕಿಣ್ವ ಅಥವಾ ಇತರ ವಿಧಾನಗಳಿಂದ ಮಾರ್ಪಡಿಸಿದಾಗ ಅದು ಬಿಸಿ ಮಾಡಿದರೂ, ಶೈತ್ಯೀಕರಿಸಿದರೂ ನೀರೊಡೆಯದೆ ಗಟ್ಟಿಯಾಗಿ ಉಳಿಯುತ್ತದೆ. ಸಾಸ್, ಸೂಪು, ಐಸ್‌ಕ್ರೀಂಗಳಲ್ಲಿ ಇದನ್ನು ಬಳಸುವ ಉದ್ದೇಶ ಇದೇ ಆಗಿದೆ. ಇಂತಹ ಮಾರ್ಪಡಿಸಿದ ಪಿಷ್ಟಗಳಿಗೆ 1400ರ ಸರಣಿಯ ಅಂತರರಾಷ್ಟ್ರೀಯ ಸಂಖ್ಯೆಗಳನ್ನು ನೀಡಲಾಗಿದೆ. ಉದಾಹರಣೆಗೆ 1412, 1414, 1422 ಹಾಗೂ 1442.

ಪಿಷ್ಟವನ್ನು ಭಾಗಶಃ ಒಡೆದಾಗ ಮಾಲ್ಟೊಡೆಕ್ಸ್ಟ್ರಿನ್ ದೊರೆಯುತ್ತದೆ. ಇನ್ನಷ್ಟು ಒಡೆದಾಗ ಗ್ಲೂಕೋಸ್ ಸಿರಪ್ ದೊರೆಯುತ್ತದೆ. ಮಾಲ್ಟೊಡೆಕ್ಸ್ಟ್ರಿನ್ ಹೆಚ್ಚು ಸಿಹಿಯಾಗಿರುವುದಿಲ್ಲ ಹಾಗೂ ಲೇಬಲ್‌ನಲ್ಲಿ ಸಕ್ಕರೆಯ ಲೆಕ್ಕಕ್ಕೆ ಪೂರ್ತಿಯಾಗಿ ಬರುವುದಿಲ್ಲ. ಆದರೂ ಅದು ರಕ್ತದ ಗ್ಲೂಕೋಸ್ ಮಟ್ಟವನ್ನು ಶೀಘ್ರವಾಗಿ ಏರಿಸುತ್ತದೆ. "ಸಕ್ಕರೆ ಸೇರಿಸಿಲ್ಲ" ಎಂಬ ಬರಹವನ್ನು ಮಾತ್ರ ನಂಬಿ ಮಧುಮೇಹಿಗಳು ಇಂತಹ ಪದಾರ್ಥಗಳನ್ನು ಮಿತಿಯಿಲ್ಲದೆ ಸೇವಿಸಬಾರದು.

6. ಗ್ಲುಟೆನ್: ಸಿಲಿಯಾಕ್ ಕಾಯಿಲೆ

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಪ್ರೋಟೀನ್‌ನಿಂದ ಕೆಲವರಲ್ಲಿ ಸಣ್ಣ ಕರುಳಿನ ಒಳಪದರ ಸವೆದುಹೋಗುತ್ತದೆ. ದೀರ್ಘಕಾಲದ ಭೇದಿ, ಕಬ್ಬಿಣದ ಮಾತ್ರೆಗೂ ಬಗ್ಗದ ರಕ್ತಹೀನತೆ, ಎತ್ತರ ಕುಂಠಿತವಾಗುವುದು ಇದರ ಲಕ್ಷಣಗಳು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ನೆದರ್ಲೆಂಡ್ಸ್ ದೇಶದಲ್ಲಿ ರೊಟ್ಟಿಗೆ ತೀವ್ರ ಅಭಾವ ಉಂಟಾಗಿತ್ತು. ಆಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡುದನ್ನು ಗಮನಿಸಿದ್ದ ಮಕ್ಕಳ ವೈದ್ಯ ವಿಲಂ ಡಿಕೆ ಅವರು ಗೋಧಿಯೇ ಕಾರಣವೆಂಬುದನ್ನು 1950ರ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದರು.

2016ರಲ್ಲಿ ಪ್ರಕಟವಾದ ಅಧ್ಯಯನದಂತೆ ಈ ಕಾಯಿಲೆಯ ಪ್ರಮಾಣ ಉತ್ತರ ಭಾರತದಲ್ಲಿ ಶೇ. 1.23, ಈಶಾನ್ಯ ಭಾರತದಲ್ಲಿ ಶೇ. 0.87 ಹಾಗೂ ದಕ್ಷಿಣ ಭಾರತದಲ್ಲಿ ಶೇ. 0.10 ಆಗಿದೆ. ದಕ್ಷಿಣದಲ್ಲಿ ವಿರಳವೆಂಬ ಕಾರಣಕ್ಕೆ ಲಕ್ಷಣಗಳಿರುವವರು ತಪಾಸಣೆಯನ್ನು ಕೈಬಿಡಬಾರದು.

ಕರ್ನಾಟಕದ ಸಾಂಪ್ರದಾಯಿಕ ಆಹಾರವಾದ ಅಕ್ಕಿ, ರಾಗಿ, ಜೋಳ, ನವಣೆ, ಸಾಮೆಗಳಲ್ಲಿ ಗ್ಲುಟೆನ್ ಇರುವುದಿಲ್ಲ. ಆದರೂ ಈ ಕೆಳಕಂಡವುಗಳ ಮೂಲಕ ಗ್ಲುಟೆನ್ ತಿಳಿಯದಂತೆ ದೇಹವನ್ನು ಸೇರುತ್ತದೆ.

(ಅ) ಇಂಗು: ಅಂಗಡಿಯಲ್ಲಿ ದೊರೆಯುವ ಕೂಟು ಇಂಗಿನಲ್ಲಿ ಗೋಂದು ಹಾಗೂ ಹಿಟ್ಟು ಬೆರೆಸಲು ಅನುಮತಿಯಿದ್ದು, ಅನೇಕ ಬಾರಿ ಆ ಹಿಟ್ಟು ಗೋಧಿ ಅಥವಾ ಮೈದಾ ಆಗಿರುತ್ತದೆ. ಸಾರು, ಹುಳಿ, ಉಪ್ಪಿನಕಾಯಿಗಳಿಗೆ ಇಂಗಿನ ಒಗ್ಗರಣೆ ಹಾಕುವ ಮನೆಗಳಲ್ಲಿ ಇದು ಮುಖ್ಯ. ಅಕ್ಕಿ ಹಿಟ್ಟು ಬೆರೆಸಿದ ಇಂಗನ್ನು ಲೇಬಲ್ ನೋಡಿ ಆರಿಸಿಕೊಳ್ಳಬಹುದು.
(ಆ) ಮಾಲ್ಟ್: ಮಾಲ್ಟ್ ಪಾನೀಯದ ಪುಡಿಗಳಲ್ಲಿ ಬಾರ್ಲಿ ಅಥವಾ ಗೋಧಿ ಇರುತ್ತದೆ. ಮನೆಯಲ್ಲಿ ಮಾಡಿದ ಶುದ್ಧ ರಾಗಿ ಮಾಲ್ಟ್‌ನಲ್ಲಿ ಗ್ಲುಟೆನ್ ಇರುವುದಿಲ್ಲ.
(ಇ) ಹಿಟ್ಟಿನ ಗಿರಣಿ: ಗೋಧಿ ಬೀಸಿದ ಗಿರಣಿಯಲ್ಲಿಯೇ ರಾಗಿ ಬೀಸಿದಾಗ ಗೋಧಿಯ ಅಂಶ ಬೆರೆಯುತ್ತದೆ.
(ಈ) ರವೆ, ಶಾವಿಗೆ: ಉಪ್ಪಿಟ್ಟು, ಕೇಸರಿಬಾತಿನ ರವೆ ಗೋಧಿಯದ್ದೇ ಆಗಿರುತ್ತದೆ.

"ಗ್ಲುಟೆನ್ ಮುಕ್ತ" ಎಂದು ನಮೂದಿಸಲು ಒಂದು ಕಿಲೋಗ್ರಾಂ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಿರಬಾರದು.

7. ಸಲ್ಫೈಟ್

ಒಣದ್ರಾಕ್ಷಿ ಮುಂತಾದ ಒಣ ಹಣ್ಣು, ಹಣ್ಣಿನ ಸ್ಕ್ವಾಷ್ ಹಾಗೂ ಕೆಲವು ಬಿಸ್ಕತ್ತುಗಳಲ್ಲಿ ಸಲ್ಫೈಟ್ ಬಳಸಲಾಗುತ್ತದೆ. ಇವುಗಳ ಸಂಖ್ಯೆ 220ರಿಂದ 224 ಹಾಗೂ ಮುಂದಿನವು. ಭಾರತದ ಅನೇಕ ಕಾರ್ಖಾನೆಗಳಲ್ಲಿ ಕಬ್ಬಿನ ರಸವನ್ನು ಗಂಧಕದ ಡೈಆಕ್ಸೈಡ್‌ನಿಂದ ಶುದ್ಧೀಕರಿಸುವುದರಿಂದ ಬಿಳಿ ಸಕ್ಕರೆಯಲ್ಲಿ ಅದರ ಅಲ್ಪ ಅಂಶ ಉಳಿಯಬಹುದು. ಬೆಲ್ಲಕ್ಕೆ ಹಳದಿ ಬಣ್ಣ ಬರಿಸಲು ಆಲೆಮನೆಗಳಲ್ಲಿ "ಹೈಡ್ರೋಸ್" ಎಂಬ ಗಂಧಕಯುಕ್ತ ಪುಡಿ ಬಳಸುವುದುಂಟು. ಗಾಢ ಕಂದು ಬಣ್ಣದ ಬೆಲ್ಲವನ್ನು ಆರಿಸುವುದು ಸಾಮಾನ್ಯವಾಗಿ ಮೇಲು.

ಆಸ್ತಮಾ ಇರುವವರಲ್ಲಿ ಕೆಲವರಿಗೆ ಸಲ್ಫೈಟ್ ಸೇವನೆಯಿಂದ ಉಬ್ಬಸ ಹೆಚ್ಚಾಗುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಉಸಿರಾಟದ ತೊಂದರೆಯಾದಲ್ಲಿ ತಕ್ಷಣ ಆಸ್ಪತ್ರೆಗೆ ಹೋಗಬೇಕು ಹಾಗೂ ತಿಂದ ಪದಾರ್ಥದ ಪೊಟ್ಟಣವನ್ನು ವೈದ್ಯರಿಗೆ ತೋರಿಸಬೇಕು.

8. ಲೇಬಲ್ ಓದುವ ವಿಧಾನ

2020ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಲೇಬಲ್ ಮತ್ತು ಪ್ರದರ್ಶನ) ನಿಯಮಾವಳಿಯಂತೆ ಲೇಬಲ್‌ನ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು. ಕನ್ನಡವನ್ನು ಹೆಚ್ಚುವರಿಯಾಗಿ ಬಳಸಬಹುದು. ಈ ಭಾಷೆಗಳನ್ನು ಓದಲು ಬಾರದವರು ತಮಗೆ ಒಗ್ಗದ ಸೇರ್ಪಡೆಗಳ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಲಿಸಿ ನೋಡಬಹುದು. ಆದರೆ ಕೆಲವು ತಯಾರಕರು ಸಂಖ್ಯೆಯ ಬದಲು ಹೆಸರನ್ನು ಮಾತ್ರ ಮುದ್ರಿಸುವುದರಿಂದ, ಸಂಖ್ಯೆ ಕಾಣದಿದ್ದಲ್ಲಿ ಓದಬಲ್ಲವರ ನೆರವು ಪಡೆಯತಕ್ಕದ್ದು.

- ಘಟಕಗಳ ಪಟ್ಟಿಯಲ್ಲಿ ಹೆಚ್ಚು ಪ್ರಮಾಣದ ಪದಾರ್ಥ ಮೊದಲು ಬರುತ್ತದೆ.
- ಡೆಕ್ಸ್ಟ್ರೋಸ್, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಮಾಲ್ಟೋಸ್, ಕಾರ್ನ್ ಸಿರಪ್ ಇವೆಲ್ಲವೂ ಸಕ್ಕರೆಯ ರೂಪಗಳೇ.
- ಪೌಷ್ಟಿಕ ಮಾಹಿತಿಯ ಪಟ್ಟಿಯಲ್ಲಿ ಒಟ್ಟು ಸಕ್ಕರೆ ಹಾಗೂ ಸೇರಿಸಿದ ಸಕ್ಕರೆಯನ್ನು ಪ್ರತ್ಯೇಕವಾಗಿ ತೋರಿಸಬೇಕು. ದಿನಕ್ಕೆ 2000 ಕಿಲೋಕ್ಯಾಲೊರಿ ಆಹಾರಕ್ಕೆ 50 ಗ್ರಾಂ ಸೇರಿಸಿದ ಸಕ್ಕರೆಯನ್ನು ಲೆಕ್ಕಕ್ಕೆ ಆಧಾರವಾಗಿ ಇಟ್ಟುಕೊಳ್ಳಲಾಗಿದೆ.
- "ಕಂಟೇನ್ಸ್" ಎಂಬ ಪದದ ಮುಂದೆ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ ಮುಂತಾದವುಗಳನ್ನು ಘೋಷಿಸಬೇಕು. ಸಲ್ಫೈಟ್ ಕಿಲೋಗ್ರಾಂಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಇದ್ದಲ್ಲಿ ಅದನ್ನೂ ಘೋಷಿಸಬೇಕು.
- ತಯಾರಕರ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು.

ಬೇಕರಿ ಹಾಗೂ ಸಿಹಿ ಅಂಗಡಿಗಳಲ್ಲಿ ಬಿಡಿಯಾಗಿ ಮಾರುವ ತಿನಿಸಿಗೆ ಇಂತಹ ಲೇಬಲ್ ಇರುವುದಿಲ್ಲ. ತೀವ್ರವಾಗಿ ಒಗ್ಗದಿರುವವರು ಅವುಗಳನ್ನು ವರ್ಜಿಸುವುದು ಕ್ಷೇಮ. ಖೋವಾ, ಪನೀರ್‌ಗಳಲ್ಲಿ ಪಿಷ್ಟದ ಕಲಬೆರಕೆ ಇದೆಯೇ ಎಂದು ಮನೆಯಲ್ಲಿ ನೋಡಲು, ಸ್ವಲ್ಪ ಭಾಗವನ್ನು ನೀರಿನಲ್ಲಿ ಕುದಿಸಿ, ಆರಿಸಿ, ಎರಡು ಮೂರು ಹನಿ ಅಯೋಡಿನ್ ದ್ರಾವಣ ಹಾಕಬೇಕು. ನೀಲಿ ಬಣ್ಣ ಬಂದಲ್ಲಿ ಪಿಷ್ಟವಿದೆ ಎಂದರ್ಥ. ಪರೀಕ್ಷಿಸಿದ ಭಾಗವನ್ನು ಚೆಲ್ಲಬೇಕು. ಧಾನ್ಯ, ಅರಿಶಿನ ಮುಂತಾದ ಸಹಜವಾಗಿ ಪಿಷ್ಟವಿರುವ ಪದಾರ್ಥಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ.

9. ವೈದ್ಯಕೀಯ ತಪಾಸಣೆ

(ಅ) ಎರಡು ವಾರಗಳ ಕಾಲ ಸೇವಿಸಿದ ಆಹಾರ, ಸಮಯ ಹಾಗೂ ಲಕ್ಷಣಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸುವುದು. ಮಗುವಿನ ತೂಕ ಇಳಿಯುತ್ತಿದ್ದಲ್ಲಿ, ಭೇದಿಯಲ್ಲಿ ರಕ್ತವಿದ್ದಲ್ಲಿ ಅಥವಾ ಮಂಪರು ಇದ್ದಲ್ಲಿ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.
(ಆ) ಸಿಲಿಯಾಕ್ ಕಾಯಿಲೆಗೆ ರಕ್ತ ಪರೀಕ್ಷೆ ಹಾಗೂ ಅಗತ್ಯವಿದ್ದಲ್ಲಿ ಸಣ್ಣ ಕರುಳಿನ ತುಣುಕಿನ ಪರೀಕ್ಷೆ ನಡೆಸಲಾಗುತ್ತದೆ. ಪರೀಕ್ಷೆಗೆ ಮುಂಚೆ ಗೋಧಿ ಬಿಡಬಾರದು. ಬಿಟ್ಟಲ್ಲಿ ಕಾಯಿಲೆ ಇದ್ದರೂ ಫಲಿತಾಂಶದಲ್ಲಿ ಕಾಣಿಸದೆ ಹೋಗಬಹುದು.
(ಇ) ಸುಕ್ರೋಸ್ ಒಗ್ಗದಿರುವುದನ್ನು ಉಸಿರಿನ ಹೈಡ್ರೋಜನ್ ಪರೀಕ್ಷೆ, ಕರುಳಿನ ತುಣುಕಿನಲ್ಲಿ ಕಿಣ್ವದ ಅಳತೆ ಅಥವಾ ವಂಶವಾಹಿ ಪರೀಕ್ಷೆಯಿಂದ ತಿಳಿಯಲಾಗುತ್ತದೆ. ಫ್ರುಕ್ಟೋಸ್‌ನ ಆನುವಂಶಿಕ ತೊಂದರೆಯ ಶಂಕೆ ಇದ್ದಲ್ಲಿ ಮನೆಯಲ್ಲಿ ಸಿಹಿ ತಿನ್ನಿಸಿ ಪರೀಕ್ಷಿಸಬಾರದು.
(ಈ) 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಿಗೆ ಭೇಟಿ ನೀಡುವ ವೈದ್ಯಕೀಯ ತಂಡಕ್ಕೆ ಪೋಷಕರು ಮಗುವಿನ ತೊಂದರೆಯನ್ನು ತಿಳಿಸಬಹುದು.
(ಉ) ತೊಂದರೆ ದೃಢಪಟ್ಟ ನಂತರ ವೈದ್ಯರ ಪ್ರಮಾಣಪತ್ರದ ಪ್ರತಿಯನ್ನು ಅಂಗನವಾಡಿ ಕಾರ್ಯಕರ್ತೆಗೆ ಅಥವಾ ಶಾಲೆಯ ಮುಖ್ಯೋಪಾಧ್ಯಾಯರಿಗೆ ನೀಡಿ, ಮಗುವಿಗೆ ಯಾವ ಆಹಾರ ನೀಡಬಾರದೆಂದು ಲಿಖಿತವಾಗಿ ತಿಳಿಸತಕ್ಕದ್ದು.

10. ಆಹಾರ ಮಾದರಿಯ ಪರೀಕ್ಷೆ ಮತ್ತು ದೂರು

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಪ್ರಕರಣದಂತೆ ಯಾವುದೇ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ, ತಾವು ಕೊಂಡ ಆಹಾರವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಖರೀದಿಸುವ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸಿರಬೇಕು. ಆಹಾರವು ಕಾಯ್ದೆಗೆ ಅನುಗುಣವಾಗಿಲ್ಲವೆಂದು ವರದಿ ಬಂದಲ್ಲಿ ಶುಲ್ಕವನ್ನು ಹಿಂದಿರುಗಿಸಲಾಗುತ್ತದೆ.

ಲೇಬಲ್‌ನಲ್ಲಿ ಘೋಷಿಸದ ಪದಾರ್ಥ ಇದೆಯೆಂಬ ಶಂಕೆ ಇದ್ದಲ್ಲಿ ಜಿಲ್ಲೆಯ ಅಂಕಿತಾಧಿಕಾರಿಗಳಿಗೆ ಅಥವಾ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಲಿಖಿತ ದೂರು ನೀಡಬಹುದು. ಪ್ರಾಧಿಕಾರದ "ಫುಡ್ ಸೇಫ್ಟಿ ಕನೆಕ್ಟ್" ಮೂಲಕವೂ ದೂರು ದಾಖಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರಿನೊಂದಿಗೆ ಸಲ್ಲಿಸಬೇಕಾದವು:

- ಖರೀದಿಯ ರಸೀದಿ
- ಬ್ಯಾಚ್ ಸಂಖ್ಯೆ ಮತ್ತು ದಿನಾಂಕ ಕಾಣುವಂತೆ ಪೊಟ್ಟಣದ ಛಾಯಾಚಿತ್ರ
- ಉಳಿದ ಪದಾರ್ಥ ಇರುವ ಮೂಲ ಪೊಟ್ಟಣ (ಮುಚ್ಚಿ, ತಂಪಾದ ಸ್ಥಳದಲ್ಲಿ ಇಟ್ಟಿರಬೇಕು)
- ಚಿಕಿತ್ಸೆ ಪಡೆದಿದ್ದಲ್ಲಿ ವೈದ್ಯಕೀಯ ದಾಖಲೆಗಳ ಪ್ರತಿ

ತಪ್ಪು ಲೇಬಲ್ ಇರುವ ಆಹಾರದ ಮಾರಾಟಕ್ಕೆ 52ನೇ ಪ್ರಕರಣದಂತೆ 3 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

11. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಸಕ್ಕರೆ ತಿಂದರೆ ಮಕ್ಕಳು ವಿಪರೀತ ಚೇಷ್ಟೆ ಮಾಡುತ್ತಾರೆಯೇ?
ಉತ್ತರ: ಹಲವು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ 1995ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಸಕ್ಕರೆಯಿಂದ ಮಕ್ಕಳ ವರ್ತನೆ ಬದಲಾಗುವುದು ಕಂಡುಬಂದಿಲ್ಲ. ಆದಾಗ್ಯೂ ಹಲ್ಲು ಹಾಗೂ ತೂಕದ ದೃಷ್ಟಿಯಿಂದ ಸಕ್ಕರೆಯನ್ನು ಮಿತಗೊಳಿಸಬೇಕು.

ಪ್ರಶ್ನೆ: ಮಧುಮೇಹವೂ ಸಕ್ಕರೆ ಒಗ್ಗದಿರುವುದೇ?
ಉತ್ತರ: ಅಲ್ಲ. ಮಧುಮೇಹದಲ್ಲಿ ಸಕ್ಕರೆ ಜೀರ್ಣವಾಗಿ ರಕ್ತವನ್ನು ಸೇರುತ್ತದೆ. ಅದನ್ನು ಬಳಸಿಕೊಳ್ಳುವಲ್ಲಿ ದೇಹ ವಿಫಲವಾಗುತ್ತದೆ.

ಪ್ರಶ್ನೆ: ಎಲ್ಲ ಬಗೆಯ ತೊಂದರೆಗೂ ರಾಗಿ ಸೂಕ್ತವೇ?
ಉತ್ತರ: ಗ್ಲುಟೆನ್ ಒಗ್ಗದವರಿಗೆ ರಾಗಿ ಉತ್ತಮ ಆಹಾರ. ಆದರೆ ರಾಗಿಯಲ್ಲಿಯೂ ಪಿಷ್ಟವಿರುವುದರಿಂದ ಕಿಣ್ವದ ಕೊರತೆ ಇರುವ ಮಗುವಿಗೆ ಎಷ್ಟು ನೀಡಬೇಕೆಂಬುದನ್ನು ವೈದ್ಯರು ನಿರ್ಧರಿಸಬೇಕು. ಅದೇ ರೀತಿ ಒಂದು ವರ್ಷ ಮೀರಿದ, ಸುಕ್ರೋಸ್ ಮಾತ್ರ ಒಗ್ಗದ ಮಗುವಿಗೆ ಶುದ್ಧ ಜೇನುತುಪ್ಪ ಒಗ್ಗಬಹುದು. ಫ್ರುಕ್ಟೋಸ್ ಒಗ್ಗದ ಮಗುವಿಗೆ ಅದೇ ಜೇನುತುಪ್ಪ ಪ್ರಾಣಾಪಾಯ ತರಬಹುದು.

ಆದ ಕಾರಣ ನೆರೆಹೊರೆಯ ಮಗುವಿಗೆ ಫಲಿಸಿದ ಪಥ್ಯವನ್ನು ತಮ್ಮ ಮಗುವಿಗೆ ಅನುಸರಿಸದೆ, ಮೊದಲು ತಪಾಸಣೆ ಮಾಡಿಸಿ, ನಂತರ ಪಥ್ಯ ಆರಂಭಿಸುವಂತೆ ಹಾಗೂ ಮೇಲ್ಕಂಡ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.